ಬಾವಿ ಎಲೆಯ ಫಲ

ಹಿಟ್ನಾಳ
೪ ಅಕ್ಟೋಬರ್ ೧೯೩೬

ಚಿರಂಜೀವಿ ಹುಲಿಗವ್ವಳಿಗೆ ಅಪ್ಪನ ಆಶೀರ್ವಾದ. ಮೊಣಕಾಲು ಒಂದನ್ನು ಬಿಟ್ಟರೆ ಇಲ್ಲಿ ನಾನು ಕ್ಷೇಮ.

ಬಳೆ ಮಾರುವ ಶಫೀಸಾಬನ ಕೈಯಲ್ಲಿ ಶಕುನ ನೋಡುವ ಚಿತ್ರದ ಎಲೆಗಳನ್ನು, ನಮ್ಮ ಆ ಇಸ್ಪೀಟಿನಂಥ ಕಟ್ಟನ್ನು ಕಳಿಸಿದ್ದೇನೆ, ಬಿಚ್ಚಿ ನೋಡು. ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟು ಹಚ್ಚಿ ಹೊಸದಾಗಿ ಬಣ್ಣ ಬಳಿದು ಕೊಟ್ಟಿದ್ದಾರೆ. ಕುದುರೆ ಸವಾರನಿಗೆ ಮೀಸೆ ಸ್ವಲ್ಪ ಜಾಸ್ತಿಯಾಯಿತು, ಮಾರಿಯ ನಾಲಿಗೆ ಮೊದಲಿಗಿಂತ ಕೆಂಪಾಯಿತು, ಉಳಿದಂತೆ ಚೆನ್ನಾಗಿವೆ. ಇವನ್ನು ಹೊತ್ತು ನನ್ನ ಅಪ್ಪ ತಿರುಗಿದ, ಆಮೇಲೆ ನಾನು ತಿರುಗಿದೆ. ಯಲಬುರ್ಗಾದಿಂದ ಗಂಗಾವತಿಯ ತನಕ ನಾನು ಎಲೆ ಹರಡದ ಕಟ್ಟೆ ಇಲ್ಲ. ಇನ್ನು ಅವು ನಿನ್ನವು.

ಜೊತೆಗಿದ್ದ ಫಲದ ಪುಸ್ತಕ ಮಾತ್ರ ಗೆದ್ದಲಿನ ಪಾಲಾಯಿತು. ಒಂದೊಂದು ಚಿತ್ರದ ಅರ್ಥವೂ ನನ್ನ ತಲೆಯಲ್ಲಿದೆ, ಆದರೆ ತಲೆಯನ್ನು ಗಂಟು ಕಟ್ಟಿ ಕಳಿಸುವುದಕ್ಕಾಗುತ್ತದೆಯೇ? ಹೊಸ ಪುಸ್ತಕ ಆಗಬೇಕು. ಸ್ಲೇಟು ಹಿಡಿಸಿ ನಿನಗೆ ಅಕ್ಷರ ಕಲಿಸಿದ್ದು ಇದಕ್ಕೇ. ನೀನು ಒಂದೊಂದು ಎಲೆಗೂ ಕರಡು ಬರೆದು ಕಳಿಸು. ನಾನು ತಿದ್ದಿ, ಹಾಳೆಗೆ ಇಳಿಸಿ, ನಮ್ಮ ಮನೆತನದ ಹಿತ್ತಾಳೆ ಮುದ್ರೆ ಒತ್ತಿ ವಾಪಸು ಕಳಿಸುತ್ತೇನೆ. ನೀನು ಹೊಲಿದು ಪುಸ್ತಕ ಮಾಡಿಕೋ.

ನಮ್ಮ ಕಟ್ಟಳೆ ಮರೆಯಬೇಡ. ಎಲೆ ಹರಡುವವರು ಪುಸ್ತಕ ಓದುವ ಹಾಗಿಲ್ಲ. ಕೇಳಲು ಬಂದವನು ತನ್ನ ಕೈಯಿಂದ ಒಂದು ಎಲೆ ಎತ್ತಬೇಕು. ಅದರ ಹಾಳೆಯನ್ನು ಅಕ್ಷರ ಬಲ್ಲ ಮೂರನೆಯವನೊಬ್ಬ ಗಟ್ಟಿಯಾಗಿ ಓದಬೇಕು. ಎಲೆಯವಳು ತನಗೆ ಬೇಕಾದ್ದು ಹೇಳಿದಳು ಎಂಬ ಮಾತು ಬರಬಾರದು. ಮುದ್ರೆ ಇಲ್ಲದ ಹಾಳೆಯನ್ನು ಯಾರೂ ಓದುವುದಿಲ್ಲ, ಓದಿದರೂ ಯಾರೂ ನಂಬುವುದಿಲ್ಲ.

ಅದಕ್ಕೇ ಬರೆಯುವಾಗ ಓದುವವನನ್ನೂ ನೆನಪಿನಲ್ಲಿಡು. ಅವನು ಸಂತೆಯ ಗದ್ದಲದಲ್ಲಿ ನಿಂತು ಓದುತ್ತಾನೆ. ಉದ್ದವಾದರೆ ಅರ್ಧ ನುಂಗುತ್ತಾನೆ. ಮೊದಲು ಚಿತ್ರದಲ್ಲಿ ಏನಿದೆ ಎಂದು ಹೇಳು, ಕೇಳುವವನು ಅದನ್ನೇ ನೋಡುತ್ತ ಕೂತಿರುತ್ತಾನೆ. ಆಮೇಲೆ ಫಲ. ಫಲ ಗಟ್ಟಿಯಾಗಿರಬೇಕು. ಆದೀತು, ಇದ್ದೀತು ಎಂದು ಹೇಳುವುದಕ್ಕೆ ನಾವೇ ಯಾಕೆ ಬೇಕು, ಅವನ ಹೆಂಡತಿಯೇ ಸಾಕು.

ನಿನ್ನ ಅಪ್ಪ,
ಕಾಳಪ್ಪ

•

ಕರೇಗುಂಡಿ, ಹನುಮಸಾಗರದ ಹತ್ತಿರ
೧೯ ಅಕ್ಟೋಬರ್ ೧೯೩೬

ಅಪ್ಪನಿಗೆ ಹುಲಿಗವ್ವನ ನಮಸ್ಕಾರ.

ಎಲೆಗಳು ಬಂದವು. ಅತ್ತೆ ಯಮನೂರಮ್ಮ ಕೈ ತೊಳೆದುಕೊಂಡು ಬಂದು ಮುಟ್ಟಿದರು. ನಿನ್ನ ಅಳಿಯ ಹನುಮಂತಪ್ಪ ಸವಾರನ ಮೀಸೆ ನೋಡಿ ತನ್ನದನ್ನು ತಿರುವಿಕೊಂಡ.

ಕರಡು ಬರೆಯಲು ಕೂತರೆ ಒಂದೊಂದು ಎಲೆಯೂ ನನ್ನ ಕೂಡ ಜಗಳಕ್ಕೆ ಬರುತ್ತದೆ. ತೊಟ್ಟಿಲಿಗೆ ನೀನು ಯಾವಾಗಲೂ ಗಂಡು ಸಂತಾನ ಎನ್ನುತ್ತಿದ್ದೆ. ಎಮ್ಮೆ ಕಳೆದುಕೊಂಡ ಮುದುಕ ಆ ಎಲೆ ಎತ್ತಿದರೆ ಏನು ಗತಿ? ನಾನು ಹೀಗೆ ಬರೆದಿದ್ದೇನೆ: "ತೊಟ್ಟಿಲು. ತೂಗುವ ಕೈ ಚಿತ್ರದಲ್ಲಿ ಇಲ್ಲ. ನಿನ್ನ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಇರುವುದು ಏನು?" ಎಮ್ಮೆಯವನಿಗೂ ಆಯಿತು, ಬಸುರಿಗೂ ಆಯಿತು. ಫಲದ ಬದಲು ಒಂದು ಪ್ರಶ್ನೆ ಕೊಟ್ಟರೆ ಜನ ತಾವೇ ಬಾಯಿ ಬಿಡುತ್ತಾರೆ. ಕಟ್ಟೆಯ ಮೇಲೆ ಕೂತಾಗ ನೀನೂ ಅದನ್ನೇ ಮಾಡುತ್ತಿದ್ದೆ, ನಾನು ನೋಡಿದ್ದೇನೆ. ಬರೆಯಲು ಕೂತರೆ ಮಾತ್ರ ಕಚೇರಿಯ ಸಾಹೇಬನಾಗುತ್ತೀ.

ನಾನು ಬರೆದದ್ದನ್ನು ಮೊದಲು ಕೇಳುವವಳು ಪಕ್ಕದ ಮನೆಯ ಉಡಚಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಊರಲ್ಲಿ ಹುಟ್ಟಿದ ಕೂಸಿಗೆ ಮೊದಲ ನೀರು ಹಾಕುವವಳೂ ಅವಳೇ, ಸತ್ತವರಿಗೆ ಕಡೆಯ ನೀರು ಹಾಕುವವಳೂ ಅವಳೇ. "ಇದು ನನಗ ತಿಳೀಲಿಲ್ಲ, ಇನ್ನೊಮ್ಮಿ ಬರಿ" ಎನ್ನುತ್ತಾಳೆ, ನಾನು ಇನ್ನೊಮ್ಮೆ ಬರೆಯುತ್ತೇನೆ. ಈ ಊರಿಗೆ ಬಂದ ಮೇಲೆ ನನಗೆ ನಗು ಬಂದದ್ದೇ ಅವಳ ಜೊತೆ.

ಇನ್ನೊಂದು ಮಾತು. ನಮ್ಮೂರ ಗೌಡರು ನೆಲದಡಿ ಕಾಳು ತುಂಬಿಡುವ ಹಗೇವು ತೆರೆದಾಗ ಜೋಳದ ಮೇಲೆ ಇಲಿಗಳು ಸತ್ತು ಬಿದ್ದಿದ್ದವಂತೆ. "ಬೆಕ್ಕು ಹಿಡದಾವ, ಸುಮ್ನಿರ್ರಿ" ಎಂದು ಗೌಡರು ಆಳುಗಳ ಬಾಯಿ ಮುಚ್ಚಿಸಿದ್ದಾರೆ. ಊರು ಖಾಲಿಯಾದರೆ ಹಗೇವು ಕಾಯುವವರು ಯಾರು ಎಂಬುದು ಅವರ ಚಿಂತೆ. ನಿನ್ನೆ ನಮ್ಮ ಹಿತ್ತಲಿಗೂ ಒಂದು ಇಲಿ ಹಾಡಹಗಲೇ ತೂರಾಡುತ್ತ ಬಂದು ಬಿದ್ದಿತು. ಬೆಕ್ಕು ಅದರ ಹತ್ತಿರ ಸುಳಿಯಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ನಿನ್ನ ಮಗಳು,
ಹುಲಿಗವ್ವ

•

ಹಿಟ್ನಾಳ
೨೬ ಅಕ್ಟೋಬರ್ ೧೯೩೬

ಹುಲಿಗೀ,

ಈ ಕಾಗದ ಓದಿದ ಕೂಡಲೇ ಮನೆ ಬಿಡು. ಗೌಡ ಹೇಳಲಿ, ಬಿಡಲಿ. ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಿ. ಇಲಿ ಬಿದ್ದ ಮನೆಯ ಹೊದಿಕೆ, ಗೋಣಿ ಒಂದೂ ತರಬೇಡಿ. ಗಡ್ಡೆ ಬೇನೆಯನ್ನು, ಈಗ ಪ್ಲೇಗು ಎನ್ನುತ್ತಾರಲ್ಲ, ಅದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಬೆಳಿಗ್ಗೆ ಹೆಣ ಹೊತ್ತವನನ್ನು ಸಂಜೆ ಹೊತ್ತದ್ದು ನೋಡಿದ್ದೇನೆ. ಬೇಗ ಹೊರಡು, ನನ್ನವ್ವ.

ಮುದ್ರೆ ಒತ್ತಿದ ಹಾಳೆಗಳು ಇದರ ಜೊತೆಗಿವೆ. ತೊಟ್ಟಿಲನ್ನು ನಿನ್ನ ಇಷ್ಟದಂತೆ ಬಿಟ್ಟಿದ್ದೇನೆ, ಬಾಯಿ ಜೋರಿನ ಮಗಳನ್ನು ಹೆತ್ತ ತಪ್ಪಿಗೆ. ಉಳಿದವುಗಳಲ್ಲಿ ನಿನ್ನ ಪ್ರಶ್ನೆ ತೆಗೆದಿದ್ದೇನೆ. ಪ್ರಶ್ನೆ ಕೇಳುವುದಕ್ಕೆ ಅವರು ಬರುವುದು, ನಾವಲ್ಲ.

ಮಾರಿ ಮತ್ತು ಬಾವಿ, ಇವೆರಡರ ಫಲ ನಮ್ಮ ಹಿರಿಯರ ಬಾಯಿಂದ ಬಂದದ್ದು. ಅವಕ್ಕೆ ನೀನು ಕರಡು ಬರೆಯುವುದು ಬೇಡ, ನಾನೇ ಬರೆದಿದ್ದೇನೆ. ಮಾರಿಗೆ: "ಕೆಂಪು ನಾಲಿಗೆಯ ಮಾರಿ. ಊರಿಗೆ ಬಂದ ಕೇಡು ಒಬ್ಬರ ದೆಸೆಯಿಂದ ಬಂದದ್ದು. ಯಾರ ದೆಸೆಯಿಂದ ಬಂತೋ ಅವರಿಗೆ ಅದು ಮುಟ್ಟುವುದಿಲ್ಲ. ಅವರನ್ನು ಸೀಮೆ ದಾಟಿಸತಕ್ಕದ್ದು." ಬಾವಿಗೆ: "ಕಲ್ಲು ಕಟ್ಟಿದ ಬಾವಿ. ಕೇಡು ನೀರಿನಲ್ಲಿದೆ. ನೀರು ಕೆಡಿಸಿದ ಕೈ ಗಂಡನಿಲ್ಲದ ಹೆಂಗಸಿನದು." ಇದರಲ್ಲಿ ಒಂದಕ್ಷರ ಹಿಂದೆ ಮುಂದೆ ಆಗಕೂಡದು.

ಗುಡಿಸಲಿಗೆ ಹೋದ ಸುದ್ದಿ ಬೇಗ ತಿಳಿಸು.

ಕಾಳಪ್ಪ

•

ಕರೇಗುಂಡಿ, ಹೊಲದ ಗುಡಿಸಲು
೨೦ ನವೆಂಬರ್ ೧೯೩೬

ಅಪ್ಪಾ,

ನಾವು ಹೊರಬಿದ್ದಿದ್ದೇವೆ. ಊರಿಗೆ ಊರೇ ಹೊರಬಿದ್ದಿದೆ, ಆದರೆ ತಡವಾಯಿತು. ಗೌಡರು ಹೂಂ ಅನ್ನುವಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಹೆಣ ಎತ್ತಲು ಜನ ಸಾಲದಾಗಿತ್ತು. ದೀಪಾವಳಿಗೆ ಯಾರೂ ದೀಪ ಹಚ್ಚಲಿಲ್ಲ. ನಿನ್ನ ಅಳಿಯ ಹಗಲೆಲ್ಲ ಕುಣಿ ತೋಡಿ ಬಂದು ಗುಡಿಸಲಿನ ಹೊರಗೇ ಮಲಗುತ್ತಾನೆ, ನನ್ನನ್ನು ಮುಟ್ಟುವುದಿಲ್ಲ.

ಸುತ್ತಲಿನ ಊರವರು ತಮ್ಮ ಸೀಮೆಯಲ್ಲಿ ಬಡಿಗೆ ಹಿಡಿದು ನಿಂತಿದ್ದಾರೆ. ನಮ್ಮವರು ಒಬ್ಬರು ಕಾಲಿಟ್ಟರೂ ಹೊಡೆದು ಹಾಕುತ್ತೇವೆ ಎನ್ನುತ್ತಾರೆ. ಶಫೀಸಾಬ ಸೀಮೆಗಲ್ಲಿನ ಆಚೆಗೆ ನಿಂತು ಕೂಗುತ್ತಾನೆ. ನಾನು ಕಾಗದವನ್ನು ಬೇವಿನ ಹೊಗೆಗೆ ಹಿಡಿದು ಕಲ್ಲಿನ ಕೆಳಗೆ ಇಟ್ಟು ಬರಬೇಕು. ಆ ಪುಣ್ಯಾತ್ಮ ಒಬ್ಬನೇ ಇತ್ತ ಬರುವವನು.

ಗೌಡರ ಮಗನೂ ಹೋದ. ಅವನು ಬಿದ್ದಾಗ ಮನೆಯವರೆಲ್ಲ ದೂರ ಸರಿದರು. ಉಡಚಮ್ಮನೇ ಹತ್ತಿರ ಕೂತದ್ದು, ಅವಳೇ ಮೈ ತೊಳೆದದ್ದು. ಆಮೇಲೆ ಎಷ್ಟೋ ಗುಡಿಸಲಿಗೆ ಹೋಗಿ ರೋಗಿಗಳ ಬಾಯಿಗೆ ನೀರು ಬಿಟ್ಟಳು. ಅವಳಿಗೆ ಏನೂ ಆಗಲಿಲ್ಲ. ಅದೇ ಈಗ ಅವಳ ಮೇಲೆ ತಿರುಗಿದೆ. "ಎಲ್ಲಾರ್ನೂ ಮುಟ್ಯಾಳ, ಆಕಿಗ್ಯಾಕ ಬಂದಿಲ್ಲ?" ಎಂದು ಗುಡಿಸಲು ಗುಡಿಸಲಿನಲ್ಲಿ ಮಾತು.

ನಿನ್ನೆ ಗೌಡರು ಬಂದು ನಮ್ಮ ಬಾಗಿಲಲ್ಲಿ ನಿಂತರು. "ಕಾಳಪ್ಪನ ಎಲಿ ನಿನ್ನ ಕಡೆ ಅದಾವಲ್ಲ? ಛಟ್ಟಿ ಅಮಾಸಿ ದಿನ ಮಂದಿ ಮುಂದ ಹರಡು. ನಾ ಎತ್ತತೀನಿ, ಕುಲಕರ್ಣ್ಯಾರು ಓದತಾರ. ಯಾರಿಂದ ಬಂತು ಅಂತ ತಿಳೀಲಿ" ಎಂದರು. ನಾನು ಹೂಂ ಎಂದೆ. ಅಲ್ಲಿ ಇನ್ನೇನು ಹೇಳಲಿ?

ಅವರು ಹೋದ ಮೇಲೆ ಮಾರಿಯ ಹಾಳೆ ತೆಗೆದು ಓದಿದೆ. ಯಾರ ದೆಸೆಯಿಂದ ಬಂತೋ ಅವರಿಗೆ ಮುಟ್ಟುವುದಿಲ್ಲ. ಅಪ್ಪಾ, ಅದು ಉಡಚಮ್ಮನ ಹೆಸರು ಬರೆದ ಹಾಗೇ ಇದೆ. ಬಾವಿಯ ಹಾಳೆಯಂತೂ ಇನ್ನೂ ಕೆಟ್ಟದ್ದು. ಸೀಮೆ ದಾಟಿಸುವುದು ಎಂದರೆ ಈಗ ಏನರ್ಥ ಎಂದು ನಿನಗೆ ಗೊತ್ತಲ್ಲ? ಈಚೆ ನಮ್ಮವರ ಕಲ್ಲು, ಆಚೆ ಅವರ ಬಡಿಗೆ.

ಆ ಎರಡು ಹಾಳೆಗಳನ್ನು ಬೇರೆ ಬರೆದು ಮುದ್ರೆ ಒತ್ತಿ ಕಳಿಸು. ಕಾಲಿಗೆ ಬೀಳುತ್ತೇನೆ.

ಹುಲಿಗವ್ವ

•

ಹಿಟ್ನಾಳ
೨೭ ನವೆಂಬರ್ ೧೯೩೬

ಹುಲಿಗೀ,

ಆಗುವುದಿಲ್ಲ.

ನಿನಗೆ ಹೇಳದೆ ಇಟ್ಟ ಮಾತೊಂದಿದೆ. ನಿನ್ನ ದೊಡ್ಡಪ್ಪ ಹುಸೇನಪ್ಪ ಜ್ವರ ಬಂದು ಸತ್ತ ಎಂದಷ್ಟೇ ನಿನಗೆ ಗೊತ್ತು. ಅಪ್ಪನ ನಂತರ, ನನಗಿಂತ ಮೊದಲು, ಎಲೆಗಳು ಅವನ ಕೈಯಲ್ಲಿದ್ದವು. ಕುಷ್ಟಗಿ ಕಡೆಯ ಒಬ್ಬ ದೇಸಾಯಿಯ ಮನಸ್ಸು ಗೆಲ್ಲಲು ಅವನು ಬಾವಿಯ ಹಾಳೆಯಲ್ಲಿ ಒಂದು ಸಾಲು ಬದಲಿಸಿದ. ಹೋಳಿ ಹುಣ್ಣಿಮೆಗೆ ಬದಲಿಸಿದ, ಯುಗಾದಿ ನೋಡಲಿಲ್ಲ. ಕಡೆಗೆ ಬರೆದ ಕೈಯನ್ನು ಎತ್ತಿ ಎತ್ತಿ ತೋರಿಸುತ್ತಿದ್ದ. ಉರಿ, ಉರಿ ಎನ್ನುತ್ತಿದ್ದ. ಫಲ ಬದಲಿಸಿದ ಕೈಯನ್ನು ಮಾರಿ ಬಿಡುವುದಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದದ್ದು ಸುಳ್ಳಲ್ಲ. ನಾನು ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತವನು.

ನನ್ನದು ಒಂದು ಕಡೆ ಇರಲಿ. ಹಳೆಯ ಫಲ ನೆನಪಿದ್ದವರು ನಿಮ್ಮ ಊರಿನಲ್ಲಿ ಇದ್ದೇ ಇರುತ್ತಾರೆ, ಅಲ್ಲಿ ನಾನೇ ಎಲೆ ಹರಡಿದ್ದೇನೆ. ಬದಲಾಗಿದೆ ಎಂದು ಒಬ್ಬ ಕೂಗಿದರೆ ಸಾಕು, ಉಡಚಮ್ಮನನ್ನು ಬಿಟ್ಟು ನಿನ್ನನ್ನು ಹಿಡಿಯುತ್ತಾರೆ. ಪರ ಊರಿನಿಂದ ಬಂದವಳು ನೀನು. ಉಡಚಮ್ಮ ನಮಗೆ ಏನಾಗಬೇಕು? ನನಗೆ ಇರುವವಳು ನೀನೊಬ್ಬಳೇ.

ಅಮಾವಾಸ್ಯೆಯ ಹೊತ್ತಿಗೆ ಜ್ವರ ಎಂದು ಮಲಗಿಬಿಡು. ಜ್ವರದವಳ ಹತ್ತಿರ ಯಾರೂ ಬರುವುದಿಲ್ಲ.

ಕಾಳಪ್ಪ

•

ಕರೇಗುಂಡಿ, ಗುಡಿಸಲು
೪ ಡಿಸೆಂಬರ್ ೧೯೩೬

ಅಪ್ಪಾ,

ಜ್ವರ ಎಂದು ಮಲಗು ಎಂದೆಯಲ್ಲ, ನಮ್ಮ ಗುಡಿಸಲಿಗೆ ನಿಜವಾದ ಜ್ವರವೇ ಬಂದಿದೆ. ಅತ್ತೆಯ ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆ. ನಾನು ಒಳಗೆ ಹೋಗಲು ಹೊರಟೆ. ಉಡಚಮ್ಮ ನನ್ನ ರಟ್ಟೆ ಹಿಡಿದು ಆಚೆಗೆ ತಳ್ಳಿದಳು. "ನಿಂದಿನ್ನೂ ಬಾಳಿ ಬದುಕೋ ಜೀವ. ನಾ ಕುಂದರ್ತೀನಿ, ನೀ ಹೊರಗಿಂದ ಗಂಜಿ ಕೊಡು" ಎಂದಳು. ಅವಳು ಅಲ್ಲಿಯೇ ಇದ್ದಾಳೆ. ಅತ್ತೆ ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ಇವಳು ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕುತ್ತಾಳೆ. ಉಡಚಮ್ಮ ನಮಗೆ ಏನಾಗಬೇಕು ಎಂದು ಕೇಳಿದೆಯಲ್ಲ, ಅದಕ್ಕೆ ಇದು ನನ್ನ ಉತ್ತರ.

ಇವತ್ತು ನೀರು ತರಲು ಹೋದ ಅವಳ ಬೆನ್ನಿಗೆ ಯಾರೋ ಕಲ್ಲು ಬೀಸಿದರು. ಕೊಡ ಒಡೆಯಿತು. ಅವಳು ಹಿಂತಿರುಗಿ ನೋಡಲಿಲ್ಲ. ನನಗೆ ಮಾತ್ರ, "ಅಮಾಸಿ ದಿನ ನನ್ನ ಎಲಿ ಬಂದ್ರ ಮೊದ್ಲ ಹೇಳವ್ವಾ, ಒಂದು ಒಳ್ಳೆ ಸೀರಿ ಉಟ್ಕೊತೀನಿ" ಎಂದಳು. ನಗುತ್ತಲೇ ಹೇಳಿದಳು.

ಪುಸ್ತಕವನ್ನು ಮೊದಲಿನಿಂದ ಕಡೆಯ ತನಕ ಓದಿದೆ. ಮಾರಿ, ಬಾವಿ ಎರಡೇ ಅಲ್ಲ. ಗೂಬೆ ಬಂದರೆ "ಒಂಟಿ ಮನೆಯ ಕಣ್ಣು" ಎಂದಿದೆ. ಮುರಿದ ಗಾಲಿಗೆ "ಹತ್ತಿರ ಇದ್ದವರೇ ಹಗೆ" ಎಂದಿದೆ. ಅರ್ಧ ಪುಸ್ತಕ ಯಾರ ಕಡೆಗಾದರೂ ಬೆರಳು ಮಾಡುತ್ತದೆ. ನಾವು ಬರೆಯುವಾಗ ಸಂತೆಯ ದಿನ, ಹೊಟ್ಟೆ ತುಂಬಿದ ಜನ ಎಂದುಕೊಂಡು ಬರೆದೆವು ಅಪ್ಪಾ. ಮಗನನ್ನು ಕಳೆದುಕೊಂಡ ಗೌಡ, ಕಲ್ಲು ಹಿಡಿದ ಮಂದಿ, ಇವರ ಕೈಗೆ ಸಿಕ್ಕರೂ ಒಂದು ಜೀವ ತೆಗೆಯದ ಹಾಗೆ ಪುಸ್ತಕ ಇರಬೇಕು. ಹಾಗಿಲ್ಲದಿದ್ದರೆ ಗೆದ್ದಲು ತಿಂದದ್ದೇ ಚೆನ್ನಾಗಿತ್ತು.

ಈ ಅಮಾವಾಸ್ಯೆಗೆ ಉಡಚಮ್ಮನ ಮೇಲೆ ತಿರುಗಬಹುದಾದ ಹಾಳೆಗಳಿಗೆ ಗುರುತು ಹಾಕಿ ಇದರ ಜೊತೆ ಇಟ್ಟಿದ್ದೇನೆ. ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ. ನಿನ್ನ ಮುದ್ರೆಯನ್ನು ಇದ್ದಿಲಿನಲ್ಲಿ ತಿದ್ದುತ್ತೇನೆ. ಸಿಕ್ಕಿಬಿದ್ದರೆ ಸಿಕ್ಕಿಬಿದ್ದೆ. ನನಗೂ ಭಯವಾಗುತ್ತದೆ, ಆದರೆ ಅವಳಿಗೆ ಸೀರೆ ಆರಿಸಿ ಕೊಡಲು ನನ್ನಿಂದ ಆಗುವುದಿಲ್ಲ.

ಹುಲಿಗವ್ವ

•

ಹಿಟ್ನಾಳ
೯ ಡಿಸೆಂಬರ್ ೧೯೩೬

ಹುಲಿಗೀ,

ಇದ್ದಿಲು ಮುಟ್ಟಬೇಡ. ನಿನ್ನ ಕೈಯಿಂದ ಒಂದಕ್ಷರ ಬರೆಯಬೇಡ. ಬರೆಯುವುದಾದರೆ ಆ ಕೈ ನನ್ನದಾಗಲಿ, ಅದಕ್ಕೆ ವಯಸ್ಸಾಗಿದೆ.

ನಿನ್ನ ಕಾಗದ ಬಂದ ಮೇಲೆ ಊಟ ಸೇರಲಿಲ್ಲ. ತಂಗಿ ಪಾರ್ವತೆಮ್ಮ ಏನಾಯಿತು ಎಂದರೆ ಮೊಣಕಾಲು ಎಂದೆ. ಮುದ್ರೆ ತೆಗೆದು ಮುಂದಿಟ್ಟುಕೊಂಡೆ. ಮೊದಲು ಮಾರಿ ಬರೆದೆ: "ಕೆಂಪು ನಾಲಿಗೆಯ ಮಾರಿ. ಯಾರಿಂದ ಬಂತು ಎಂದು ಕೇಳಬಾರದು, ಕೇಳಿದವರ ಮನೆಗೇ ಅವಳು ತಿರುಗುತ್ತಾಳೆ. ಸತ್ತವರ ಹೆಸರು ಹೇಳಿ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳತಕ್ಕದ್ದು." ಹೆದರುವ ಜನಕ್ಕೆ ಪ್ರಶ್ನೆ ಸಾಲದು ಮಗಳೇ, ಮಾಡುವುದಕ್ಕೆ ಒಂದು ಕೆಲಸ ಬೇಕು. ಇಲ್ಲದಿದ್ದರೆ ಆ ಕೈಗಳು ಕಲ್ಲನ್ನೇ ಹುಡುಕುತ್ತವೆ. ಇಷ್ಟು ವರ್ಷದ ಕಟ್ಟೆಯಲ್ಲಿ ನಾನು ಕಂಡದ್ದು ಅಷ್ಟು.

ಗೂಬೆ, ಗಾಲಿ, ನೀನು ಗುರುತು ಹಾಕಿದ ಉಳಿದವು ಎಲ್ಲವನ್ನೂ ಬದಲಿಸಿದೆ. ಬಾವಿಯನ್ನು ಕಡೆಗೆ ಇಟ್ಟುಕೊಂಡಿದ್ದೆ. ಅಣ್ಣನನ್ನು ತಿಂದ ಹಾಳೆ ಅದು. ಇವತ್ತು ಬೆಳಿಗ್ಗೆ ಶಫೀಸಾಬನ ತಟ್ಟು ಕುದುರೆ ಬಾಗಿಲಲ್ಲಿ ಕಾಲು ಕೆದರುತ್ತಿತ್ತು, ಅವನು ಒಂದೇ ಸಮನೆ ಕೂಗುತ್ತಿದ್ದ, ಆಗ ಬರೆದೆ. ಮಸಿ ಆರುವ ಮೊದಲೇ ಮಡಚಿದ್ದರಿಂದ ಒಂದು ಕಡೆ ಮೆತ್ತಿದೆ. ಕುಲಕರ್ಣಿಗೆ ಓದಲು ಬಂದರೆ ಸಾಕು.

ಎಷ್ಟು ಹೆದರಿದ್ದೇನೆ ಎಂದರೆ ಇದನ್ನು ಬರೆಯುವಾಗಲೂ ಕೈಯನ್ನೇ ನೋಡುತ್ತಿದ್ದೇನೆ. ಆದರೆ ಬರೆದಾಯಿತು. ಹಳೆಯ ಹಾಳೆಗಳನ್ನು ಒಲೆಗೆ ಹಾಕಿದ್ದೇನೆ.

ಕಾಳಪ್ಪ

•

ಕರೇಗುಂಡಿ, ಗುಡಿಸಲು
೧೬ ಡಿಸೆಂಬರ್ ೧೯೩೬

ಅಪ್ಪಾ,

ನಿನ್ನ ಹಾಳೆಗಳು ಅಮಾವಾಸ್ಯೆಯ ಹಿಂದಿನ ದಿನ ಸೀಮೆಗಲ್ಲಿನ ಕೆಳಗೆ ಸಿಕ್ಕವು. ಓದುವುದಕ್ಕೂ ಪುರಸೊತ್ತಿಲ್ಲದೆ ಹೊಲಿದೆ.

ಅಮಾವಾಸ್ಯೆಯ ದಿನ ಬಿಸಿಲು ಇಳಿಯುವ ಮೊದಲೇ ಜನ ಸೇರಿದರು. ಸಜ್ಜೆ ಕೊಯ್ದ ಹೊಲದಲ್ಲಿ ಕಂಬಳಿ ಹಾಸಿ ಎಲೆಗಳನ್ನು ಬೋರಲು ಹರಡಿದೆ. ಕೆಲವರ ಮಡಿಲಲ್ಲಿ ಕಲ್ಲುಗಳಿದ್ದವು, ಮುಚ್ಚಿಡಲೂ ಇಲ್ಲ. ಗೌಡರು ಬಗ್ಗಿ ಒಂದು ಎಲೆ ಎತ್ತಿದರು. ಬಾವಿ.

ಕುಲಕರ್ಣಿಗಳು ಹಾಳೆ ತೆಗೆದು ಕಣ್ಣಿನ ಹತ್ತಿರ ಹಿಡಿದು ಓದಿದರು: "ಕಲ್ಲು ಕಟ್ಟಿದ ಬಾವಿ. ಯಾರು ಬಂದರೂ ನೀರು ಕೊಡುತ್ತದೆ. ಈ ಎಲೆ ಎತ್ತಿದವನು, ರೋಗಿಗಳ ಬಾಯಿಗೆ ನೀರು ಬಿಟ್ಟವರ ಕೈಯಿಂದ ನೀರು ಕುಡಿಯತಕ್ಕದ್ದು. ಅವನು ಕುಡಿಯುವ ತನಕ ಊರಿನಲ್ಲಿ ಯಾರೂ ನೀರು ಮುಟ್ಟಕೂಡದು."

ಗೌಡರು ನನ್ನ ಕಡೆ ತಿರುಗಿದರು. "ನಾ ಸಣ್ಣಾವಿದ್ದಾಗ ನಿಮ್ಮಪ್ಪ ಇಲ್ಲೇ ಓದಿಸಿದ್ದ. ಬಾವಿ ಎಲಿಗಿ ಹಿಂಗಿದ್ದಿಲ್ಲ" ಎಂದರು. ಜನ ನನ್ನ ಕಡೆಗೆ ಒತ್ತಿ ಬಂದರು. ಕುಲಕರ್ಣಿಗಳು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಮುದ್ರಿ ಐತ್ರಿ ಗೌಡ್ರ. ಮುದ್ರಿ ಇದ್ದದ್ದನ್ನ ನಾ ಓದೀನಿ, ಅಷ್ಟ" ಎಂದರು. ಅಷ್ಟರಲ್ಲಿ ಯಾರದೋ ಮಗು ನೀರು ಎಂದು ಅಳಲು ಶುರು ಮಾಡಿತು. ಅದರ ತಾಯಿ ತಂಬಿಗೆಯ ಕಡೆ ಕೈ ಚಾಚಿ ಹಾಗೇ ನಿಂತಳು, ಗೌಡರ ಮುಖ ನೋಡಿದಳು. ಆಮೇಲೆ ಎಲ್ಲರೂ ಗೌಡರ ಮುಖವನ್ನೇ ನೋಡಿದರು.

ಉಡಚಮ್ಮ ಅತ್ತೆಯ ಗುಡಿಸಲಿನಲ್ಲಿದ್ದಳು. ಅವಳನ್ನು ಕರೆದರು. ಕಲ್ಲು ಹೊಡೆಯಲಿಕ್ಕೇ ಕರೆದರು ಎಂದುಕೊಂಡು ಬಂದಳು ಅಪ್ಪಾ, ನನಗೆ ಗೊತ್ತು, ಒಳ್ಳೆಯ ಸೀರೆ ಉಟ್ಟು ಬಂದಳು. ಯಾರೋ ತಂಬಿಗೆ ಕೊಟ್ಟರು. ಗೌಡರು ಬೊಗಸೆ ಹಿಡಿಯಲಿಲ್ಲ. ಅವಳ ಮುಖ ನೋಡಿದರು. ಆಮೇಲೆ, "ನನ್ನ ಮಗಗ ಕಡೀಕ ನೀರು ಕೊಟ್ಟಾಕಿ ನೀನ ಏನು?" ಎಂದು ಕೇಳಿದರು.

"ಹೌದ್ರಿ" ಎಂದಳು. "ಭಾಳ ಬೇಡಿದ್ನರಿ. ಬೇಡಿದಷ್ಟು ಕುಡಿಸೀನಿ."

ಗೌಡರು ಬೊಗಸೆ ಹಿಡಿದರು. ಅರ್ಧ ನೀರು ಚೆಲ್ಲಿಹೋಯಿತು, ಉಳಿದದ್ದನ್ನು ಕುಡಿದರು. ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿ ಎಲ್ಲರ ಎದುರಿಗೆ ಅತ್ತರು. ಮಕ್ಕಳಿಗೆ ನೀರು ಕೊಡಲು ಜನ ಅತ್ತಿತ್ತ ಹೋದರು. ಸಂಜೆ ನಾನು ಕಂಬಳಿ ಮಡಚಲು ಹೋದಾಗ ಕಲ್ಲುಗಳು ಹೊಲದಲ್ಲಿಯೇ ಬಿದ್ದಿದ್ದವು.

ಅತ್ತೆಯ ಗಡ್ಡೆ ಒಡೆದು ಜ್ವರ ಇಳಿದಿದೆ, ಇಂದು ಗಂಜಿ ಕೇಳಿದರು. ಉಡಚಮ್ಮ ಇದ್ದಾಳೆ.

ಈಗ ನನಗೆ ನಿನ್ನದೇ ಚಿಂತೆ. ದೊಡ್ಡಪ್ಪನ ಮಾತು ನಂಬಬಾರದು ಎಂದುಕೊಂಡರೂ ಆಗುತ್ತಿಲ್ಲ. ಕಳ್ಳ, ತಕ್ಕಡಿ, ಎರಡು ತಲೆಯ ಹಾವು, ಈ ಎಲೆಗಳ ಹಾಳೆಗಳು ಇನ್ನೂ ಹಳೆಯ ಹಾಗೇ ಇವೆ. ಇರಲಿ ಬಿಡು, ಅವನ್ನು ಮುಟ್ಟಬೇಡ. ನಿನ್ನ ಮೈ ಹೇಗಿದೆ ಎಂದು ಮರುಕಾಗದದಲ್ಲಿ ಮೊದಲ ಸಾಲಿನಲ್ಲೇ ಬರೆ.

ಹುಲಿಗವ್ವ

•

ಹಿಟ್ನಾಳ
೨೭ ಡಿಸೆಂಬರ್ ೧೯೩೬

ನನ್ನವ್ವ ಹುಲಿಗೀ,

ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಮೂರು ದಿನದಿಂದ ಮೈ ಬಿಸಿ ಇದೆ.

ಹಿಟ್ನಾಳದಲ್ಲಿ ಇಲಿ ಬಿದ್ದಿಲ್ಲ. ಪಾರ್ವತೆಮ್ಮ ಚಳಿಗಾಲದ ಜ್ವರ ಎನ್ನುತ್ತಾಳೆ, ಕಷಾಯ ಕುಡಿಸುತ್ತಾಳೆ. ಶಫೀಸಾಬ, "ಕಾಳಪ್ಪಣ್ಣ, ನಿನಗ ಬಂದಿದ್ದು ಜ್ವರ ಅಲ್ಲ, ಅಂಜಿಕಿ" ಎಂದು ನಕ್ಕ. ಇರಬಹುದು. ಬೆಳಗಾದರೆ ಬಗಲಿಗೆ ಕೈ ಹಾಕಿ ತಡವಿ ನೋಡುತ್ತೇನೆ. ಗಡ್ಡೆ ಇದೆ ಎನ್ನಿಸುತ್ತದೆ, ಇಲ್ಲ ಎನ್ನಿಸುತ್ತದೆ. ಮಧ್ಯಾಹ್ನ ಮತ್ತೆ ನೋಡುತ್ತೇನೆ. ನನಗೆ ಬಹಳ ಭಯವಾಗಿದೆ, ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ. ಇಷ್ಟು ಮಂದಿಗೆ ಏನೂ ಆಗುವುದಿಲ್ಲ ಹೋಗು ಎಂದು ಹೇಳಿದವನಿಗೆ, ತನಗೆ ತಾನು ಆ ಮಾತು ಹೇಳಿಕೊಳ್ಳಲು ಬರುತ್ತಿಲ್ಲ.

ಗೌಡ ನೀರು ಕುಡಿದದ್ದನ್ನು ಪಾರ್ವತೆಮ್ಮನಿಗೆ ಎರಡು ಸಲ ಓದಿ ಹೇಳಿದೆ. ಉಡಚಮ್ಮನನ್ನು ನಾನು ನೋಡಿಲ್ಲ. ಅವಳಿಗೆ ನನ್ನ ನಮಸ್ಕಾರ ಹೇಳು.

ಆದರೆ ಉಳಿದವು ಇರಲಿ ಬಿಡು ಎಂದು ಬರೆದೆಯಲ್ಲ, ಅದು ನನಗೆ ಸರಿ ಬರಲಿಲ್ಲ. ಕಳ್ಳನ ಹಾಳೆಯಲ್ಲಿ ಏನಿದೆ ಎಂದು ನೆನಪಿದೆಯೇ? "ಕುಳ್ಳ, ಕಪ್ಪು, ಮೂಡಣ ದಿಕ್ಕಿನ ಮನೆಯವನು." ಒಂದೊಂದು ಊರಿನಲ್ಲಿಯೂ ಅಂಥವನೊಬ್ಬ ಇದ್ದಾನೆ. ಯಾರ ಮನೆಯಲ್ಲೋ ನಾಳೆ ಒಂದು ಬಿಂದಿಗೆ ಕಳೆದರೆ ಅವನ ಗತಿ ಏನು? ಮಾರಿ ಹಿಡಿಯುವುದಾದರೆ ಆಗಲೇ ಹಿಡಿದಾಗಿದೆ. ಇನ್ನು ಎಷ್ಟು ಹಾಳೆ ಬರೆದರೂ ಒಂದೇ ಕೈ ತಾನೇ ಹೋಗುವುದು.

ಅಕ್ಷರ ಸೊಟ್ಟಗಾಗುತ್ತದೆ, ಅದನ್ನು ಕುಲಕರ್ಣಿ ನೋಡಿಕೊಳ್ಳುತ್ತಾನೆ. ಮುದ್ರೆ ಒತ್ತುವಷ್ಟು ಶಕ್ತಿ ಇನ್ನೂ ಇದೆ. ಶಫೀಸಾಬ ಸೀಮೆಗಲ್ಲಿನ ಹತ್ತಿರ ಕಾಯುತ್ತಾನೆ. ಉಳಿದ ಹಾಳೆಗಳನ್ನೆಲ್ಲ ಹೊಗೆಗೆ ಹಿಡಿದು ಕಲ್ಲಿನ ಕೆಳಗೆ ಇಡು, ತಡ ಮಾಡಬೇಡ. ನೀನು ಮಾತ್ರ ಇಲ್ಲಿಗೆ ಬರಬೇಡ.

ನಿನ್ನ ಅಪ್ಪ,
ಕಾಳಪ್ಪ